ಗಣಕಯಂತ್ರದ ಅಟ್ಟ

ಲಿನಕ್ಸಿನಿಂದ ನಡೆಯುವ ಗಣಕಯಂತ್ರಕ್ಕೆ ‘ಫ್ರೀ’ ಎಂಬ ಆಜ್ಞೆಯನ್ನು ಕೊಟ್ಟರೆ ತೆರೆಯ ಮೇಲೆ ಎರಡು ಸಾಲು ಅಂಕಿಗಳು ಮೂಡುತ್ತವೆ. ಮೊದಲನೆಯದು ಮುಖ್ಯಸ್ಮೃತಿಯ ಲೆಕ್ಕ. ಎರಡನೆಯದು ‘ಸ್ವಾಪ್’ ಎಂಬುದರ ಲೆಕ್ಕ. ಸ್ವಾಪಿನಲ್ಲಿ ಏನೋ ಬಳಕೆಯಾಗಿದೆಯೆಂದು ಕಂಡೊಡನೆ ಯಂತ್ರಕ್ಕೆ ರೋಗ ತಗಲಿತೆಂದು ಗಾಬರಿಗೊಂಡು ಅದನ್ನು ಮುಚ್ಚಿಬಿಡುವವರುಂಟು.

ಆ ಇಂಗ್ಲಿಷ್ ಶಬ್ದಕ್ಕೆ ವಿನಿಮಯವೆಂದರ್ಥ. ಸಂಸ್ಕೃತದ ‘ಸ್ವಾಪ’ವಾದರೋ ನಿದ್ರೆ. ಎರಡಕ್ಕೂ ಬಾಂಧವ್ಯವೇನೂ ಇಲ್ಲ. ಆದರೂ ಇಲ್ಲಿಯ ಕಾರ್ಯಕ್ಕೆ ಸಂಸ್ಕೃತದ ಅರ್ಥವೇ ಹೆಚ್ಚು ಹೊಂದುವುದು ವಿನೋದ. ಬಹುಕಾಲದಿಂದ ಯಾರೂ ಕೇಳದೆ ಮಲಗಿರುವ ದತ್ತವನ್ನು ಕರ್ನೆಲ್ಲು ಪುಟಪುಟವಾಗಿ, ಸಾಮಾನ್ಯ ಯಂತ್ರಗಳಲ್ಲಿ ಪುಟವೊಂದಕ್ಕೆ 4096 ಬೈಟುಗಳಂತೆ, ಡಿಸ್ಕಿನಲ್ಲಿ ಕಾದಿರಿಸಿದ ಸ್ಥಳಕ್ಕೆ ಸಾಗಿಸುತ್ತದೆ. ಹಬ್ಬಕ್ಕೆ ಮಾತ್ರ ಬೇಕಾಗುವ ಕೊಪ್ಪರಿಗೆಯನ್ನು ಅಟ್ಟಕ್ಕೇರಿಸಿ ಅಡಿಗೆಮನೆಯಲ್ಲಿ ಎಡೆ ಮಾಡಿಕೊಳ್ಳುವಂತೆಯೇ ಇದು.

ಆದರೆ ಎಲ್ಲ ಪುಟಗಳೂ ಅಟ್ಟವನ್ನೇರಬೇಕಾಗಿಲ್ಲ. ಗ್ರಂಥಭಂಡಾರದಿಂದ ತಂದ ಪುಸ್ತಕವನ್ನು ಮೇಜಿನಿಂದ ತೆಗೆದರೆ ನಷ್ಟವಿಲ್ಲ. ಬೇಕಾದಾಗ ಮತ್ತೆ ತರಬಹುದು. ಓದುತ್ತ ಕೈಯಾರೆ ಬರೆದ ಟಿಪ್ಪಣಿಗಾದರೋ ಬೇರೆ ಪ್ರತಿಯಿಲ್ಲ. ಅಂತೆಯೇ, ಕಾರ್ಯಕ್ರಮದ ಮೂಲಭಾಗವೂ ಕಡತಗಳಿಂದ ಓದಿಕೊಂಡ ಭಾಗವೂ ಡಿಸ್ಕಿನಲ್ಲಿ ಮೊದಲೇ ಇರುವುದರಿಂದ ಕರ್ನೆಲ್ಲು ಅವನ್ನು ನಿಶ್ಚಿಂತೆಯಾಗಿ ಬಿಡಬಲ್ಲುದು. ಕಾರ್ಯಕ್ರಮವು ನಡೆಯುತ್ತ ತಾನಾಗಿ ಕಟ್ಟಿಕೊಂಡ ದತ್ತಕ್ಕೆ ಸ್ವಾಪಿನ ಹೊರತು ಬೇರೆ ಆಶ್ರಯವಿಲ್ಲ. ಸ್ವಾಪನ್ನು ಮುಚ್ಚಿದವರ ಮೇಜಿನ ಮೇಲೆ ವಾರದಿಂದ ಮುಟ್ಟದ ಟಿಪ್ಪಣಿಗಳು ಹಾಗೆಯೇ ಉಳಿದು, ಈ ಕ್ಷಣದಲ್ಲಿ ಓದುತ್ತಿರುವ ಪುಸ್ತಕವೇ ಭಂಡಾರಕ್ಕೆ ಹೋಗಿಬಂದು ಮಾಡಬೇಕಾಗುತ್ತದೆ. ಅದೂ ಸಾಲದಾದಾಗ ಕರ್ನೆಲ್ಲು ನಡೆಯುತ್ತಿರುವ ಕಾರ್ಯಕ್ರಮಗಳಲ್ಲಿ ಒಂದನ್ನು ಆರಿಸಿ ಕೊಂದುಬಿಡುತ್ತದೆ. ಕಡತಕ್ಕೆ ಸೇರಿಸದೆ ಇದ್ದ ಬರಹವೆಲ್ಲ ಅದರೊಡನೆ ಹೋಯಿತು.

ಹಾಗೆಂದು ಸ್ವಾಪನ್ನು ಅಗ್ಗದ ಸ್ಮೃತಿಯೆಂದು ಹೊಗಳುವವರ ಮಾತನ್ನೂ ಒಪ್ಪಲಾಗದು. ಮುಖ್ಯಸ್ಮೃತಿಯಿಂದ ದತ್ತವನ್ನು ತೆಗೆಯಲು ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಸಾಕು. ತಿರುಗುವ ಡಿಸ್ಕಿಗೆ ನೂರರಲ್ಲೊಂದು ಭಾಗದಷ್ಟು ಬೇಕು. ಲಕ್ಷಪಾಲು ವಿಳಂಬ! ದಿನಬಳಕೆಯ ಪಾತ್ರೆಗಳನ್ನೂ ಅಟ್ಟಕ್ಕೇರಿಸಿದ ಮನೆಯಲ್ಲಿ ಅಡಿಗೆಗಿಂತ ಏಣಿಯ ಕೆಲಸವೇ ಹೆಚ್ಚು. ‘ಥ್ರ್ಯಾಷಿಂಗ್’ ಎಂಬ ಈ ದುರವಸ್ಥೆಯ ಕಾರಣಗಳನ್ನು ಪೀಟರ್ ಡೆನ್ನಿಂಗರು 1968ರಲ್ಲಿಯೇ ವಿವೇಚಿಸಿದ್ದಾರೆ.

ಅಲ್ಪಸ್ಮೃತಿಯ ಯಂತ್ರವುಳ್ಳವನಿಗೆ ಮಾತ್ರ ಈ ಅಟ್ಟದ ಬೆಲೆ ಚೆನ್ನಾಗಿ ತಿಳಿದಿದೆ. 1991ರ ಕೊನೆಯಲ್ಲಿ ಜರ್ಮನಿಯವನೊಬ್ಬನ ಯಂತ್ರದಲ್ಲಿದ್ದುದು 2 ಮೆಗಾಬೈಟು ಸ್ಮೃತಿ. ಲಿನಕ್ಸಿನ ಮೂಲಬರಹವನ್ನು ಯಂತ್ರಭಾಷೆಗೆ ಇಳಿಸಲು ಅಷ್ಟು ಸಾಲದಾಯಿತು. ಅವನ ತೊಂದರೆಯನ್ನು ಕೇಳಿ, ಹೆಲ್ಸಿಂಕಿಯಲ್ಲಿ ಆಗಿನ್ನೂ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸರು ಪುಟಗಳನ್ನು ಡಿಸ್ಕಿಗೆ ಸಾಗಿಸುವ ಏರ್ಪಾಡನ್ನು ರಚಿಸಿದರು.

ತಮ್ಮ ಯಂತ್ರದ ಸ್ಥಿತಿಯನ್ನು ಅರಿಯಬೇಕೆಂಬವರು ‘ವಿಎಂಸ್ಟ್ಯಾಟ್ 5’ ಎಂಬ ಆಜ್ಞೆಯನ್ನು ಕೊಟ್ಟು ನೋಡಬಹುದು. ಐದೈದು ಸೆಕೆಂಡಿಗೊಮ್ಮೆ ಬರುವ ಸಾಲುಗಳಲ್ಲಿ ‘ಎಸ್‌ಐ’, ‘ಎಸ್‌ಒ’ ಎಂಬ ಎರಡು ಕಲಮುಗಳು ಸ್ವಾಪಿನಿಂದ ಬರುವ, ಸ್ವಾಪಿಗೆ ಹೋಗುವ ಸಂಚಾರವನ್ನು ತೋರಿಸುತ್ತವೆ. ಮೊದಲ ಸಾಲು ಯಂತ್ರವನ್ನು ಆರಂಭಿಸಿದಾಗಿನಿಂದ ಆದ ಸರಾಸರಿ, ಅದನ್ನು ಬಿಡಬೇಕು. ಮುಂದಿನ ಸಾಲುಗಳಲ್ಲಿ ಸೊನ್ನೆಗಳೇ ನಿಂತಿದ್ದರೆ, ಅಟ್ಟವು ಅರ್ಧ ತುಂಬಿದ್ದರೂ ಮನೆಯವರು ಗಾಬರಿಪಡಬೇಕಾಗಿಲ್ಲ.