ಲೇಹ್‌ನಲ್ಲಿ ಒಂದು ಗಂಟೆಯ ಚೀಟಿ

ಲಡಾಖಿಗೆ ಒಮ್ಮೆ ಹೋಗಿಬರಬೇಕೆಂಬ ಆಸೆ ಯಾರಿಗಿಲ್ಲ ಹೇಳಿ? ಹಿಂದೆಲ್ಲ ಅದು ಸೈನಿಕರ ಊರು, ಚಾರಣಕ್ಕೆ ಹೋಗುವ ಹುಡುಗರ ಊರು ಅನ್ನಿಸುತ್ತಿತ್ತು. ಈಗ ನಮ್ಮ ಬಡಾವಣೆಯ ಮಹಿಳಾ ಸಮಾಜದವರೂ ಉಣ್ಣೆಯ ಟೋಪಿ ಹಾಕಿಕೊಂಡು ಹೋಗಿಬರುತ್ತಾರೆ. ನೀವೂ ಬರುವ ಬೇಸಗೆಗೆ ಹೊರಡುವ ಯೋಚನೆಯಲ್ಲಿದ್ದರೆ, ಅಲ್ಲಿನ ಬೆಟ್ಟ, ಸರೋವರ, ಬೌದ್ಧ ವಿಹಾರಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಹೋಟೆಲಿನ ವೈಫೈ ಬಗ್ಗೆ ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಅದನ್ನು ನಾನು ಹೇಳುತ್ತೇನೆ, ಕೇಳಿ.

ಲೇಹ್ ಪಟ್ಟಣ ಇರುವುದು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿ. ವಿಮಾನದಲ್ಲಿ ಹೋಗಿ ಇಳಿದವರು ಒಂದೆರಡು ದಿನ ಹೆಚ್ಚು ಓಡಾಡದೆ ಕೋಣೆಯಲ್ಲೇ ವಿಶ್ರಾಂತಿ ತೆಗೆದುಕೊಳ್ಳಬೇಕು. ಅಲ್ಲಿನ ತೆಳುಗಾಳಿಗೆ ಮೈ ಒಗ್ಗುವವರೆಗೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು! ಕಿಟಕಿಯಿಂದ ನೋಡಿದರೆ ಒಂಬತ್ತು ಅಂತಸ್ತಿನ ಹಳೆಯ ಅರಮನೆ ಕಾಣುತ್ತದೆ. ಹದಿನೇಳನೆಯ ಶತಮಾನದ ದೊರೆ ಸೆಂಗೆ ನಾಮ್‌ಗ್ಯಾಲನ ಕಾಲದ್ದು. ಇನ್ನೊಂದು ದಿಕ್ಕಿನ ಗುಡ್ಡದ ಮೇಲೆ 1991ರಲ್ಲಿ ಕಟ್ಟಿ ಮುಗಿಸಿದ ಬಿಳಿಯ ಶಾಂತಿ ಸ್ತೂಪ. ನೋಡಲು ಚೆಂದವೇ. ಆದರೆ ಮಂಚದ ಮೇಲೆ ಕೂತು ಎಷ್ಟು ಹೊತ್ತು ನೋಡುತ್ತೀರಿ? ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ.

ಫೋನೋ, ಸತ್ತು ಮಲಗಿರುತ್ತದೆ! 2023ರ ಜೂನ್‌ನಲ್ಲಿ ನಾವು ಹೋದಾಗ, ಭದ್ರತೆಯ ಕಾರಣಕ್ಕೆ ಹೊರರಾಜ್ಯದ ಪ್ರಿಪೇಯ್ಡ್ ಸಿಮ್‌ಗಳು ಲಡಾಖಿನಲ್ಲಿ ಕೆಲಸ ಮಾಡುತ್ತಿರಲಿಲ್ಲ. ನಮ್ಮ ಮನೆಯ ನಾಲ್ಕೂ ಫೋನುಗಳು ಪ್ರಿಪೇಯ್ಡ್. ಈ ಸಂಗತಿ ನಮಗೆ ಮೊದಲೇ ಗೊತ್ತಿದ್ದರೂ ಚಿಂತೆ ಇರಲಿಲ್ಲ. ಬುಕಿಂಗ್ ಕಾಗದದಲ್ಲಿ ‘ಉಚಿತ ವೈಫೈ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತಲ್ಲ!

ಕೋಣೆಗೆ ಹೋಗಿ ವೈಫೈ ಹಾಕಿದರೆ ಒಂದು ಪುಟ ತೆರೆದುಕೊಂಡಿತು. ನಿಮ್ಮ ಮೊಬೈಲ್ ನಂಬರ್ ಕೊಡಿ, ಓಟಿಪಿ ಕಳಿಸುತ್ತೇವೆ ಎಂದಿತು. ಸಿಗ್ನಲ್ಲೇ ಇಲ್ಲದ ಫೋನಿಗೆ ಓಟಿಪಿ ಬರುವುದು ಹೇಗೆ? ಬಾವಿಯಿಂದ ನೀರು ಸೇದಲು ಹಗ್ಗ ಕೇಳಿದರೆ, ಹಗ್ಗ ಬಾವಿಯೊಳಗಿದೆ, ಇಳಿದು ತಗೊಳ್ಳಿ ಅಂದ ಹಾಗಾಯಿತು. ಕೆಳಗೆ ಹೋಗಿ ಕೇಳಿದಾಗ ಕೌಂಟರಿನ ಹುಡುಗ ನಕ್ಕು, ಆಧಾರ್ ಕಾರ್ಡಿನ ನಕಲು ಇಟ್ಟುಕೊಂಡು, ಒಂದು ಸಣ್ಣ ಚೀಟಿ ಕೊಟ್ಟ. ಅದರಲ್ಲೊಂದು ಹೆಸರು, ಒಂದು ಪಾಸ್‌ವರ್ಡು. ಕೋಣೆಗೆ ದಿನಕ್ಕೆ ಒಂದು ಗಂಟೆ ಉಚಿತವಂತೆ. ಮುಂದಿನ ಪ್ರತಿ ಗಂಟೆಗೆ ನೂರು ರೂಪಾಯಿ. ಒಂದು ಚೀಟಿಗೆ ಒಂದೇ ಫೋನು.

“ಕಾಗದದಲ್ಲಿ ಗಂಟೆಯ ಲೆಕ್ಕ ಬರೆದಿಲ್ಲವಲ್ಲಪ್ಪಾ?” ಎಂದು ನಮ್ಮವರು ಹಿಂದಿಯಲ್ಲಿ ಕೇಳಿದರು. “ಉಚಿತ ಅಂತ ಬರೆದಿದೆಯಲ್ಲ ಸಾರ್” ಅಂದ ಹುಡುಗ. ಏನಂತೀರಿ ಇದಕ್ಕೆ?

ಅವನನ್ನೇ ದೂರಿ ಪ್ರಯೋಜನವಿಲ್ಲ, ನಿಜ. ಲೇಹ್ ಊರು ಹೊರಜಗತ್ತಿನಿಂದ ಬಲು ದೂರ. ಶ್ರೀನಗರದ ರಸ್ತೆ ನಾನೂರು ಕಿಲೋಮೀಟರಿಗೂ ಹೆಚ್ಚು, ಮನಾಲಿಯದೂ ಹಾಗೆಯೇ. ಶ್ರೀನಗರದಿಂದ ಲೇಹ್‌ಗೆ ದೊಡ್ಡ ವಿದ್ಯುತ್ ಮಾರ್ಗ ಬಂದದ್ದೇ 2019ರಲ್ಲಿ. ಇಂಟರ್‌ನೆಟ್ಟಿನ ಕೇಬಲ್ಲೂ ಬೆಟ್ಟಗಳ ನಡುವೆ ಹಾದು ಬರಬೇಕು. ಗುಡ್ಡ ಕುಸಿದರೆ, ರಸ್ತೆ ಅಗೆದರೆ ಅದಕ್ಕೂ ಪೆಟ್ಟು. ಬಂದಷ್ಟನ್ನು ಇಡೀ ಹೋಟೆಲಿಗೆ ಹಂಚಬೇಕು. ಇರಲಿ. ಆದರೆ ಕಡಿಮೆ ಇದೆ ಎಂಬುದನ್ನು ಹಣ ಕಟ್ಟಿಸಿಕೊಳ್ಳುವ ಮೊದಲೇ ಹೇಳಬಹುದಲ್ಲ? ಊಟ ಉಚಿತ ಎಂದು ಕರೆದು, ಎಲೆ ಹಾಕಿದ ಮೇಲೆ ಅನ್ನ ಒಂದೇ ಸೌಟು ಅನ್ನುವುದು ನ್ಯಾಯವೇ?

ಅಂದು ಸಂಜೆ ಆ ಒಂದು ಗಂಟೆ ಹೇಗೆ ಖರ್ಚಾಯಿತು ಗೊತ್ತೇ? ನಮ್ಮವರ ಫೋನಿನಲ್ಲೇ ಚೀಟಿ ಹಾಕಿದ್ದು. ಮಗಳ ಕಾಲೇಜಿನ ಅರ್ಜಿಗೆ ಮರುದಿನವೇ ಕೊನೆಯ ದಿನ. ಅವಳಿಗೆ ಇಪ್ಪತ್ತೈದು ನಿಮಿಷ. ನಮ್ಮವರ ಆಫೀಸಿನ ಮೇಲ್‌ಗೆ ಹದಿನೈದು. ಮಗರಾಯನಿಗೆ ಕ್ರಿಕೆಟ್ ಸ್ಕೋರು. ಇದರ ನಡುವೆ, ಯಾರೂ ಹೇಳದಿದ್ದರೂ, ವಿಮಾನದ ಕಿಟಕಿಯಿಂದ ತೆಗೆದ ಇನ್ನೂರು ಫೋಟೋಗಳು ತಮ್ಮಷ್ಟಕ್ಕೆ ತಾವೇ ಮೇಲೇರತೊಡಗಿ ನೆಟ್ಟು ಆಮೆಯಾಯಿತು. ಎಲ್ಲ ಮುಗಿದು ಫೋನು ನನ್ನ ಕೈಗೆ ಬಂದಾಗ ಉಳಿದದ್ದು ಆರೇ ನಿಮಿಷ.

ಹಾಸನದಲ್ಲಿ ತಮ್ಮನ ಮನೆಯಲ್ಲಿ ನಮ್ಮಮ್ಮ ಕಾಯುತ್ತಿದ್ದರು. ಅವರಿಗೆ ಎಪ್ಪತ್ತಾರು ವರ್ಷ. ಕಣ್ಣಿನ ಪೊರೆ ತೆಗೆಸಿ ಮೂರು ವಾರವಾಗಿತ್ತಷ್ಟೆ. ಲಡಾಖಿನಲ್ಲಿ ಉಸಿರುಕಟ್ಟುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿ ಹೆದರಿಕೊಂಡಿದ್ದರು. ಪರದೆಯ ಮೇಲೆ ಮುಖ ಕಂಡಿತು. “ಉಸಿರು ಸರಿಯಾಗಿ ಆಡ್ತಿದೆಯೇನೇ?” ಅಂದರು. “ಹೂನಮ್ಮಾ, ನಾವೆಲ್ಲ...” ಅನ್ನುವಷ್ಟರಲ್ಲಿ ಅಮ್ಮನ ಮುಖ ಅಲ್ಲೇ ನಿಂತುಬಿಟ್ಟಿತು, ಬಾಯಿ ಅರ್ಧ ತೆರೆದ ಹಾಗೆ. ಆಮೇಲೆ ಅದೇ ಪುಟ: ನಿಮ್ಮ ಸಮಯ ಮುಗಿದಿದೆ. ನೂರು ರೂಪಾಯಿ ಕೊಡೋಣವೆಂದು ಓಡಿದರೆ ಕೌಂಟರಿನಲ್ಲಿ ಯಾರೂ ಇಲ್ಲ. ಹುಡುಗ ಊಟಕ್ಕೆ ಹೋಗಿದ್ದ. ಆ ರಾತ್ರಿ ಅತ್ತ ಅಮ್ಮ, ಇತ್ತ ನಾನು, ಇಬ್ಬರಿಗೂ ನಿದ್ದೆಯಿಲ್ಲ.

ಹಿಂದಿನ ಕಾಲದ ಟ್ರಂಕ್ ಕಾಲ್ ನಿಮಗೆ ನೆನಪಿದೆಯೇ? “ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?” ಎಂದು ಆಪರೇಟರ್ ಕೇಳುತ್ತಿದ್ದರು. ಮನುಷ್ಯರ ದನಿ ಅದು. ಅದಕ್ಕೇ ಎಲ್ಲರೂ ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತಿದ್ದರು. ಈ ಚೀಟಿಗೆ ಕೇಳುವ ಸೌಜನ್ಯವೂ ಇಲ್ಲ.

ಆ ರಾತ್ರಿ ನನಗೊಂದು ವಿಷಯ ಹೊಳೆಯಿತು. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ನಾವು ಹಾಕಿಕೊಳ್ಳುತ್ತೇವಲ್ಲ, ನೆಟ್ಟಿನ ಗಂಟೆಯೂ ಮನೆಯಲ್ಲಿ ಹಾಗೆಯೇ ಹಂಚಿಹೋಗುತ್ತದೆ. ಯಾರೂ ಕಿತ್ತುಕೊಳ್ಳಲಿಲ್ಲ; ನನ್ನ ಸರದಿ ತಾನಾಗಿ ಕೊನೆಗೆ ಬಂತು. ನನ್ನದಕ್ಕೇನೋ ಸರಿ. ಆದರೆ ನನ್ನ ಹಿಂದೆ ಅಮ್ಮನೂ ಕೊನೆಯ ಸಾಲಿನಲ್ಲಿ ನಿಂತಿದ್ದರಲ್ಲ! ಮರುದಿನ ಚೀಟಿ ತಂದವಳು ನಾನೇ. “ಮೊದಲು ಅಜ್ಜಿಗೆ, ಆಮೇಲೆ ನಿಮ್ಮ ಸ್ಕೋರು” ಅಂದೆ. ಹತ್ತೇ ನಿಮಿಷ ಸಾಕಾಯಿತು. ಯಾರೂ ತಕರಾರು ತೆಗೆಯಲಿಲ್ಲ ನೋಡಿ!

ಮೂರನೆಯ ದಿನ 5,359 ಮೀಟರ್ ಎತ್ತರದ ಖರ್ದುಂಗ್ ಲಾ ದಾಟಿ ನುಬ್ರಾ ಕಣಿವೆಗೆ ಇಳಿದೆವು. ಹುಂಡರ್‌ನ ಮರಳಿನಲ್ಲಿ ಎರಡು ಡುಬ್ಬದ ಒಂಟೆಗಳನ್ನು ನೋಡಿ ಮಕ್ಕಳು ಕುಣಿದರು. ಉಳಿದದ್ದು ಒಂದು ಸಂಸಾರವಂದಿಗರ ಮನೆಯಲ್ಲಿ. ಅಲ್ಲಿ ವೈಫೈಯೇ ಇಲ್ಲ. ಇಲ್ಲವೆಂದು ಅವರು ಮೊದಲೇ ಹೇಳಿದ್ದರು. ಮನೆಯೊಡತಿಯನ್ನು ಎಲ್ಲರೂ ‘ಆಮಾ-ಲೇ’ ಅನ್ನುತ್ತಿದ್ದರು, ಅಂದರೆ ಅಮ್ಮ. ಗೋಧಿ ಹಿಟ್ಟನ್ನು ಹೆಬ್ಬೆರಳಿನಲ್ಲಿ ಒತ್ತಿ ತರಕಾರಿ ಜೊತೆ ಬೇಯಿಸುವ ‘ಸ್ಕ್ಯು’ ಮಾಡುತ್ತಿದ್ದರು. ನಾನೂ ಹಿಟ್ಟು ಒತ್ತಲು ಕೂತೆ. ಮಾತಿನ ನಡುವೆ ಅಮ್ಮನ ವಿಷಯ ಬಂತು. ಆಕೆ ಕೈ ಒರೆಸಿಕೊಂಡು ತಮ್ಮ ಫೋನನ್ನೇ ಮುಂದೆ ಹಿಡಿದರು. ಅದು ಅಲ್ಲಿನದೇ ಸಿಮ್. ಹಾಸನಕ್ಕೆ ಅರ್ಧ ಗಂಟೆ ಮಾತಾಡಿದೆ. ಕೊನೆಗೆ ಆಕೆಯೂ ಫೋನು ತೆಗೆದುಕೊಂಡು “ಜುಲೇ, ಜುಲೇ” ಎಂದು ನಮಸ್ಕಾರ ಹೇಳಿದರು. “ಯಾರೇ ಅದು, ದನಿ ಚೆನ್ನಾಗಿದೆ” ಅಂದರು ಅಮ್ಮ. ಹಣ ಕೊಡಹೋದರೆ ಆಮಾ-ಲೇ ಲೋಟಕ್ಕೆ ಇನ್ನಷ್ಟು ಬೆಣ್ಣೆ ಚಹಾ ಬಗ್ಗಿಸಿದರು, ಅಷ್ಟೆ.

ಹೊರಡುವ ಮೊದಲು ಈ ನಾಲ್ಕು ಮಾತು ನೆನಪಿಟ್ಟುಕೊಳ್ಳಿ:

ಹೋಟೆಲಿಗೆ ಹಣ ಕಟ್ಟುವ ಮುಂಚೆ ಕೇಳಿ: ವೈಫೈ ದಿನಕ್ಕೆ ಎಷ್ಟು ಹೊತ್ತು? ಎಷ್ಟು ಫೋನಿಗೆ? ಕೋಣೆಯೊಳಗೆ ಬರುತ್ತದೆಯೇ, ಕೆಳಗಿನ ಹಾಲಿನಲ್ಲಿ ಮಾತ್ರವೇ? ಲಾಗ್ ಔಟ್ ಮಾಡಿದರೆ ಗಡಿಯಾರ ನಿಲ್ಲುತ್ತದೆಯೇ? ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.

ಮನೆಯಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಸಂಪರ್ಕ ಇಟ್ಟುಕೊಂಡು ಹೊರಡಿ.

ಚೀಟಿ ಹಾಕುವ ಮೊದಲೇ ಫೋಟೋಗಳು ತಾವಾಗಿ ಏರುವುದನ್ನು, ಆ್ಯಪ್‌ಗಳ ಅಪ್‌ಡೇಟನ್ನು ನಿಲ್ಲಿಸಿ. ಸಂದೇಶಗಳನ್ನು ಮುಂಚೆಯೇ ಬರೆದಿಡಿ. ಟಿಕೆಟ್ಟು, ಪರವಾನಗಿ ಕಾಗದದಲ್ಲಿರಲಿ. ಸಿಗ್ನಲ್ ಇಲ್ಲದೆ ಬ್ಯಾಂಕಿನ ಓಟಿಪಿ ಬಾರದು. ಲೇಹ್ ಪೇಟೆಯಲ್ಲೇ ನಗದು ತೆಗೆದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಊರಿನಲ್ಲಿ ಕಾಯುವ ಹಿರಿಯರಿಗೆ, “ಒಂದೆರಡು ದಿನ ಫೋನು ಬರದಿದ್ದರೆ ಗಾಬರಿಯಾಗಬೇಡಿ” ಎಂದು ಹೇಳಿ ಹೊರಡಿ. ಸಿಕ್ಕ ಗಂಟೆಯ ಮೊದಲ ಹತ್ತು ನಿಮಿಷ ಅವರದಾಗಿರಲಿ. ಸ್ಕೋರು ಎಲ್ಲಿಗೂ ಓಡಿಹೋಗುವುದಿಲ್ಲ.