ಮಂಗಳವೇಢೆಯ ಸೀತನಿ, ನಮ್ಮ ಮಕ್ಕಳ ತಾಟು

ಸೊಲ್ಲಾಪುರದಿಂದ ಹೊರಟು ಬೇಗಮಪುರದ ಹತ್ತಿರ ಭೀಮೆಯನ್ನು ದಾಟಿದರೆ ಎರೆಭೂಮಿಯ ನಾಡು ತೆರೆದುಕೊಳ್ಳುತ್ತದೆ. ಎತ್ತ ನೋಡಿದರೂ ಕರಿಮಣ್ಣು, ಅದರ ಮೇಲೆ ಆಳೆತ್ತರದ ಬಿಳಿಜೋಳ. ಸಂಕ್ರಾಂತಿಗೆ ಒಂದು ವಾರ ಮುಂಚೆ, ಚಳಿ ಇನ್ನೂ ಬಿಡದ ಮುಂಜಾನೆ, ನಾವು ಮೂರು ಮನೆಯವರು ಏಳು ಜನ ಮಕ್ಕಳನ್ನು ಕರೆದುಕೊಂಡು ಈ ದಾರಿ ಹಿಡಿದೆವು. ಸೀತನಿ ತಿನ್ನುವುದು ನೆಪ. ಮನಸ್ಸಿನಲ್ಲಿದ್ದ ಸಂಗತಿ ಬೇರೆ.

ನಮ್ಮ ಮೂರೂ ಮನೆಗಳದು ಕಿರಾಣಿ ವ್ಯಾಪಾರ. ಅಂಗಡಿಯ ತುಂಬ ಕಾಳುಕಡಿ. ಮಕ್ಕಳ ಕೈ ಹೋಗುವುದು ಮಾತ್ರ ಬಾಗಿಲಲ್ಲಿ ತೂಗುವ ಕುರುಕಲು ಪುಡಿಕೆಗಳಿಗೆ. ನಮ್ಮ ಜೊತೆ ಬಂದಿದ್ದ ಹದಿಮೂರರ ಹುಡುಗಿಗೆ ದೀಪಾವಳಿಯ ಹೊತ್ತಿನಲ್ಲಿ ತಲೆಸುತ್ತು ಬಂದು ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9ರಷ್ಟಿತ್ತು. ಆ ವಯಸ್ಸಿಗೆ 12ಕ್ಕಿಂತ ಕಡಿಮೆ ಇರಬಾರದು. ವೈದ್ಯರು ಗುಳಿಗೆ ಬರೆದುಕೊಟ್ಟರು, ಅದು ಸರಿಯೇ. ಆದರೆ ಪಕ್ಕದಲ್ಲಿ ಕೂತಿದ್ದ ಪರಿಚಯದವರೊಬ್ಬರು, “ನಿಮ್ಮವರ ಊಟದಾಗ ಏನ್ ಇರ್ತೈತ್ರಿ? ದಿನಾ ಒಂದ್ ತತ್ತಿ ಕೊಡ್ರಿ, ತಿಂಗಳದಾಗ ಸುಧಾರಿಸ್ತಾಳ” ಎಂದುಬಿಟ್ಟರು. ಹುಡುಗಿ ಮನೆಗೆ ಬಂದು ಅಜ್ಜಿಯನ್ನು ಕೇಳಿದಳು: “ಆಯಿ, ನಮ್ಮ ಧರ್ಮದ ಊಟದಿಂದನ ನನಗ ರಕ್ತ ಕಡಿಮಿ ಆತೇನು?” ಆ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು ಎಂದು ನಮಗೆಲ್ಲ ಅನಿಸಿತ್ತು.

ಮಂಗಳವೇಢೆ ಹಳೆಯ ಊರು. ಕಳಚುರಿ ಬಿಜ್ಜಳನ ಕಾಲದಲ್ಲಿ ರಾಜಧಾನಿಯಾಗಿದ್ದ ನೆಲ. ಇಂದು ಅದು ಹೆಸರಾಗಿರುವುದು ಜೋಳಕ್ಕೆ. ಇಲ್ಲಿಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಬಿತ್ತನೆ ಮಳೆಗಾಲದ ಕೊನೆಗೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಎರೆಮಣ್ಣು ಹಿಡಿದಿಟ್ಟ ತೇವ ಮತ್ತು ಇಬ್ಬನಿಯ ಮೇಲೆಯೇ ಬೆಳೆ ನಿಲ್ಲುತ್ತದೆ. ಹತ್ತಿರದ ಮೊಹೋಳದ ಸಂಶೋಧನಾ ಕೇಂದ್ರದಿಂದ 1930ರ ದಶಕದಲ್ಲಿ ಹೊರಬಂದ ಮಾಲದಂಡಿ 35-1 ತಳಿಯನ್ನು ರೈತರು ಇಂದಿಗೂ ಬಿಟ್ಟಿಲ್ಲ. ಸೀತನಿಗೆ ಮಾತ್ರ ಬೇರೆ ತಳಿ: ಗುಳಭೆಂಡಿ, ಕೂಚಕೂಚಿ. ಹಾಲುಗಾಳು ಗಟ್ಟಿಯಾಗತೊಡಗಿ, ಇನ್ನೂ ಹಸಿರಾಗಿರುವಾಗಲೇ ತೆನೆ ಮುರಿಯಬೇಕು.

ಪರಿಚಯದ ರೈತರ ಹೊಲದಲ್ಲಿ ನೆಲಕ್ಕೆ ಸಣ್ಣ ಗುಣಿ ತೋಡಿ ಕುಳ್ಳಿನ ಕೆಂಡ ಮಾಡಿದ್ದರು. ಆ ಮನೆಯ ಯಜಮಾನತಿ ಮಕ್ಕಳ ಕೈಗೆ ತೆನೆ ಕೊಟ್ಟು, “ಮೊದಲ ಝಾಡಿಸ್ರಿ, ಹುಳಾಹುಪ್ಪಡಿ ಇದ್ದರ ಹೊರಗ ಬೀಳ್ತಾವ. ಬಸ್ತಿಯವರ ಮಕ್ಕಳಿಗೆ ನಾ ಏನ್ ಹೇಳೂದೈತಿ!” ಎಂದು ನಕ್ಕರು. ಮಕ್ಕಳು ಒಂದೊಂದೇ ತೆನೆಯನ್ನು ಬಿಸಿಲಿಗೆ ಹಿಡಿದು ನೋಡಿ, ಕೊಡವಿ, ಕೆಂಡದ ಬೂದಿಯಲ್ಲಿ ಹುಗಿದರು. ಎರಡು ನಿಮಿಷಕ್ಕೆ ಪರಿಮಳ ಎದ್ದಿತು. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿದರೆ ಹಸಿರು ಮುತ್ತಿನಂಥ ಕಾಳು. ಜೊತೆಗೆ ಬೆಲ್ಲ, ಗಟ್ಟಿ ಮೊಸರು, ಒರಳಿನಲ್ಲಿ ಕುಟ್ಟಿದ ಶೇಂಗಾ ಚಟ್ನಿ. ನಮಗಾಗಿ ಬೆಳ್ಳುಳ್ಳಿ ಬಿಟ್ಟು ಜೀರಿಗೆ, ಕೆಂಪುಖಾರ, ಉಪ್ಪು ಇಷ್ಟೇ ಹಾಕಿದ್ದರು. ರುಚಿಗೆ ಏನೂ ಕೊರತೆಯಾಗಲಿಲ್ಲ. ಮನೆಯಲ್ಲಿ ಅರ್ಧ ರೊಟ್ಟಿಗೆ ಮುಖ ಸಿಂಡರಿಸುವ ಹುಡುಗ ಮೂರು ಬೊಗಸೆ ತಿಂದ. ತಾನೇ ಸುಟ್ಟು, ತಾನೇ ತಿಕ್ಕಿದ್ದಲ್ಲವೇ! ಮಕ್ಕಳಿಗೆ ಊಟ ರುಚಿಸುವಂತೆ ಮಾಡಲು ಬಣ್ಣದ ತಟ್ಟೆಗಿಂತ ಕೈಗೊಂದು ಕೆಲಸ ಕೊಡುವುದು ಮೇಲು.

ಅಲ್ಲಿಯೇ ಬೇವಿನ ನೆರಳಲ್ಲಿ ಮಾತು ಊಟದ ಲೆಕ್ಕಕ್ಕೆ ತಿರುಗಿತು. ವ್ಯಾಪಾರದ ಮನೆಯವರಿಗೆ ಲೆಕ್ಕ ಹೇಳಿದರೆ ಬೇಗ ತಿಳಿಯುತ್ತದೆ. ನೂರು ಗ್ರಾಂ ಜೋಳದಲ್ಲಿ ಸಸಾರಜನಕ ಸುಮಾರು 10 ಗ್ರಾಂ, ಕಬ್ಬಿಣ ಸುಮಾರು 4 ಮಿಲಿಗ್ರಾಂ. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ತೊಗರಿ, ಹೆಸರು, ಕಡಲೆಗಳಲ್ಲಿ ಅದು ಧಾರಾಳ. ಹಾಗಾಗಿ ಬರಿಯ ರೊಟ್ಟಿ ಚಟ್ನಿಗಿಂತ ರೊಟ್ಟಿ ಬೇಳೆ ಕೂಡಿದ ಊಟವೇ ಪೂರ್ಣ. ಶೇಂಗಾದಲ್ಲಿ ನೂರಕ್ಕೆ ಕಾಲು ಭಾಗದಷ್ಟು ಸಸಾರಜನಕವಿದೆ. (ಐದು ವರ್ಷದೊಳಗಿನ ಕೂಸುಗಳಿಗೆ ಇಡೀ ಶೇಂಗಾ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಕುಟ್ಟಿಯೇ ಕೊಡಿ.) ಎಳ್ಳಿನಲ್ಲಿ ನೂರು ಗ್ರಾಮಿಗೆ ಸಾವಿರ ಮಿಲಿಗ್ರಾಮಿಗೂ ಮೀರಿ ಸುಣ್ಣದಂಶ. ಯಾವ ಮಗುವೂ ನೂರು ಗ್ರಾಂ ಎಳ್ಳು ತಿನ್ನುವುದಿಲ್ಲ, ನಿಜ. ದಿನಕ್ಕೊಂದು ಎಳ್ಳುಂಡಿ ತಿಂದೀತು.

ಕಬ್ಬಿಣದ ವಿಷಯ ಇನ್ನೊಂದಿಷ್ಟು ಸೂಕ್ಷ್ಮ. ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಅದರ ಜೊತೆಗೆ ಹುಳಿ ಬೇಕು: ಬೇಳೆಯ ಮೇಲೆ ಹಿಂಡಿದ ನಿಂಬೆ, ನೆಲ್ಲಿಕಾಯಿ, ಪೇರಲ. ಊಟದ ಬೆನ್ನಿಗೇ ಕುಡಿಯುವ ಚಹಾ ಇದ್ದಬದ್ದ ಕಬ್ಬಿಣವನ್ನೂ ತಡೆದುಬಿಡುತ್ತದೆ. ಆ ಹುಡುಗಿಯ ಮನೆಯಲ್ಲಿ ದೀಪಾವಳಿಯಿಂದ ನಡೆದದ್ದು ಇದೇ. ಗುಳಿಗೆ ತಪ್ಪಿಸಲಿಲ್ಲ, ಊಟದ ಹಿಂದಿನ ಚಹಾ ನಿಲ್ಲಿಸಿದರು, ದಿನವೂ ಒಂದು ಹೊತ್ತು ಸೊಪ್ಪು ಬೇಳೆಗೆ ನಿಂಬೆ. ಅಷ್ಟಮಿ ಚತುರ್ದಶಿಗೆ ಹಸಿರು ಬಿಡುವ ಮನೆಯಾದ್ದರಿಂದ ಅಂದು ಸೊಪ್ಪಿನ ಬದಲು ಕಡಲೆಬೇಳೆ, ಹೆಸರುಬೇಳೆ. ಹೊರಡುವ ಹಿಂದಿನ ವಾರದ ಪರೀಕ್ಷೆಯಲ್ಲಿ 11 ದಾಟಿತ್ತು. ಕೋಳಿಯ ತತ್ತಿ ಮನೆ ಹೊಕ್ಕಿಲ್ಲ. ಇನ್ನೊಂದು ಮಾತು: ಬಿ-12 ಎಂಬ ಜೀವಸತ್ವ ಕಾಳಿನಲ್ಲಿಲ್ಲ, ಸೊಪ್ಪಿನಲ್ಲಿಲ್ಲ, ನಮ್ಮಂಥವರಿಗೆ ಅದು ಹಾಲು ಮೊಸರಿನಿಂದಲೇ ಬರಬೇಕು. ಹಾಲು ಒಲ್ಲೆನೆನ್ನುವ ಮಗುವಿಗೆ ಮೊಸರು, ಮಜ್ಜಿಗೆ ತಪ್ಪಿಸಬಾರದು. ಅದೂ ಸೇರದಿದ್ದರೆ ವೈದ್ಯರನ್ನು ಕೇಳುವುದು ಲೇಸು.

ಪುಡಿಕೆಗಳ ಬಗ್ಗೆ ನಮ್ಮ ಅಭಿಪ್ರಾಯ ಕಟುವಾಗಿದೆ. ಮನೆಯೊಳಗೆ ಬಟಾಟೆ ತರದ ನಾವು, ಪುಡಿಕೆಯೊಳಗಿನ ಬಟಾಟೆಗೂ ಅದರ ಮಸಾಲೆಯಲ್ಲಿನ ಉಳ್ಳಾಗಡ್ಡಿ ಬೆಳ್ಳುಳ್ಳಿ ಪುಡಿಗೂ ಕಣ್ಣು ಮುಚ್ಚುವುದು ಯಾವ ವ್ರತ? ವ್ಯಾಪಾರಕ್ಕೆ ಇಟ್ಟುಕೊಳ್ಳಲಿ, ಮಕ್ಕಳ ಕೈಗೆಟಕದ ಎತ್ತರಕ್ಕೆ ತೂಗಲಿ.

ಮಧ್ಯಾಹ್ನ ಜತ್ತಿನ ಕಡೆಗೆ ಹೊರಟೆವು. ದಾರಿಯುದ್ದಕ್ಕೂ ಬಯಲು, ನೀರಿದ್ದಲ್ಲಿ ದಾಳಿಂಬೆ, ದ್ರಾಕ್ಷಿ. ಜತ್ತ ತಾಲೂಕಿನ ಹಳ್ಳಿಗಳಲ್ಲಿ ಕನ್ನಡ ಶಾಲೆಗಳ ಹಲಗೆ ಕಂಡು ಮಕ್ಕಳು ಗಟ್ಟಿಯಾಗಿ ಓದಿದರು. ರಾತ್ರಿ ತಂಗಿದ್ದು ಅರಿವೆ ಅಂಗಡಿಯ ಬಂಧುಗಳ ಮನೆಯಲ್ಲಿ. ಅವರ ಚಿಂತೆ ಬೇರೆ ಬಗೆಯದು. ಎಂಟನೆಯ ತರಗತಿಯ ಮಗನಿಗೆ ಸಂಜೆ ಐದರಿಂದ ಎಂಟರವರೆಗೆ ಶಿಕವಣಿ. ಈ ದಿನಗಳಲ್ಲಿ ಸೂರ್ಯಾಸ್ತ ಆರೂಕಾಲರ ಸುಮಾರಿಗೆ. ರಾತ್ರಿಭೋಜನ ತ್ಯಾಗ ಪಾಲಿಸುವ ಮನೆ. ಹುಡುಗ ಒಂದು ಗಂಟೆಗೆ ಉಂಡರೆ ಮರುದಿನ ಬೆಳಿಗ್ಗೆಯೇ. ಬೆಳೆಯುವ ಮೈಗೆ ಅದು ಉಪವಾಸವೇ ಸರಿ. ಅಜ್ಜ ನಿಯಮ ಸಡಿಲಿಸಲೊಲ್ಲರು, ತಂದೆ ಶಿಕವಣಿ ಬಿಡಿಸಲೊಲ್ಲರು. ತಾಯಿ ಇಬ್ಬರ ಮಾತನ್ನೂ ಮುರಿಯದೆ ದಾರಿ ತೆಗೆದಿದ್ದರು. ನಮ್ಮ ಸಮಾಜದ ಇನ್ನೂ ನಾಲ್ಕು ಮನೆಯ ತಾಯಂದಿರನ್ನು ಕೂಡಿಸಿಕೊಂಡು ಗುರುಗಳಲ್ಲಿಗೆ ಹೋಗಿ, “ಸರ್, ಐದೂವರಿಗೆ ಇಪ್ಪತ್ತು ಮಿನಿಟು ಬಿಡ್ರಿ, ಹುಡುಗರು ಡಬ್ಬಿ ಉಂಡು ಕೂಡ್ತಾರ” ಎಂದು ಕೇಳಿದರು. ಗುರುಗಳು ಒಪ್ಪಿದರು. ಈಗ ಆ ಹೊತ್ತಿಗೆ ಉಳಿದ ಮಕ್ಕಳೂ ಡಬ್ಬಿ ತರುತ್ತಾರಂತೆ.

ಡಬ್ಬಿಯಲ್ಲಿ ಏನು ಹಾಕುತ್ತೀರಿ ಎಂದು ನಾವು ಬಿಡದೆ ಕೇಳಿದೆವು. ಒಂದು ದಿನ ಮೆಂತ್ಯಸೊಪ್ಪು, ಕಡಲೆಹಿಟ್ಟು ಕೂಡಿಸಿದ ಜೋಳದ ತಾಲಿಪಟ್ಟಿ. ಒಂದು ದಿನ ಬಿಸಿ ರೊಟ್ಟಿಯನ್ನು ತುಪ್ಪ ಬೆಲ್ಲದೊಂದಿಗೆ ನಾದಿದ ಸಿಹಿ ಮುಟಗಿ. ಇನ್ನೊಂದು ದಿನ ಹೆಸರುಬೇಳೆ ದೋಸೆ, ನಡುವೆ ಶೇಂಗಾ ಚಟ್ನಿ ಸವರಿ ಸುರುಳಿ. ಕಡಕ್ ರೊಟ್ಟಿಯನ್ನು ಮುರಿದು ತುಪ್ಪದಲ್ಲಿ ಹುರಿದು ಚಟ್ನಿಪುಡಿ ಉದುರಿಸಿದ್ದಕ್ಕೆ ಹುಡುಗರೇ ಒಂದು ಪುಡಿಕೆಯ ಹೆಸರಿಟ್ಟು ಕರೆಯುತ್ತಾರೆ. ಮೂಲೆಯಲ್ಲಿ ಯಾವಾಗಲೂ ನಾಲ್ಕು ಒಣದ್ರಾಕ್ಷಿ.

ಮರುದಿನ ಹಿಂದಿರುಗುವಾಗ ಮಾಲದಂಡಿ ಜೋಳ ಒಂದು ಚೀಲ, ಸುಲಗಾಯಿಯ ಎರಡು ಹೊರೆ ಗಾಡಿಗೇರಿದವು. ಸುಲಗಾಯಿ ಬಿಡಿಸುತ್ತ ಬಿಡಿಸುತ್ತ ಸೊಲ್ಲಾಪುರ ಬರುವಷ್ಟರಲ್ಲಿ ಮಕ್ಕಳು ಒಂದು ಹೊರೆ ಮುಗಿಸಿದ್ದರು. ಉಳಿದದ್ದು ಭೋಗಿಯ ದಿನದ ಪಲ್ಯಕ್ಕೆ. ಗಜ್ಜರಿ ಬಿಟ್ಟು ಅವರೆ, ಸುಲಗಾಯಿ, ಬದನೆ, ಎಳ್ಳಿನ ಪುಡಿ ಹಾಕಿದರೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿಗೆ ಅದಕ್ಕಿಂತ ಜೋಡಿಯಿಲ್ಲ. ಹೋಗಬೇಕೆನ್ನುವವರು ಡಿಸೆಂಬರ್ ನಡುವಿನಿಂದ ಜನವರಿಯೊಳಗೆ ಹೋಗಿ. ಆಮೇಲೆ ಕಾಳು ಬಲಿತುಬಿಡುತ್ತದೆ. ಸೋಸಲು ಅರಿವೆ, ಕುಡಿಯುವ ನೀರು ಜೊತೆಗಿರಲಿ, ಮತ್ತು ಹೊಲದವರಿಗೆ ಬೆಳ್ಳುಳ್ಳಿಯ ಮಾತನ್ನು ಹಿಂದಿನ ದಿನವೇ ತಿಳಿಸಿ.