ಹತ್ತು ಮಂದಿ ಸೇರಿದರೆ ಸಿನಗಾಗ್

ಕೊಚ್ಚಿಗೆ ಹೋದವರು ಮಟ್ಟಂಚೇರಿಯ ಅರಮನೆಯನ್ನೂ ಅದರ ಭಿತ್ತಿಚಿತ್ರಗಳನ್ನೂ ನೋಡದೆ ಬರುವುದಿಲ್ಲ. ಅಲ್ಲಿಂದ ನಾಲ್ಕು ಹೆಜ್ಜೆಗೆ ಜ್ಯೂ ಟೌನ್. ಹಳೆಯ ವಸ್ತುಗಳ ಅಂಗಡಿಗಳು, ಕಾಳುಮೆಣಸು, ಒಣಶುಂಠಿಯ ಘಾಟು, ಇಕ್ಕಟ್ಟು ಬೀದಿ. ಬೀದಿ ಮುಗಿಯುವಲ್ಲಿ ಬಿಳಿಯ ಗಡಿಯಾರ ಗೋಪುರ. ಅದೇ 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್. ಅರಮನೆಯ ಭಗವತಿ ಗುಡಿಗೆ ಇದು ನೆರೆಮನೆ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಕಾಲಡಿ ಚೀನಾದಿಂದ ಬಂದ ನೀಲಿ-ಬಿಳಿ ಬಿಲ್ಲೆಗಳು. ಎಲ್ಲವೂ ಕೈಯಲ್ಲಿ ಚಿತ್ರಿಸಿದವು. ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಮೇಲೆ ಗಾಜಿನ ದೀಪಗೊಂಚಲುಗಳು. ನಡುವೆ ಹಿತ್ತಾಳೆ ಕಟಕಟೆಯ ವೇದಿಕೆ. ‘ದೇವರೆಲ್ಲಿ?’ ಎಂದು ಮಕ್ಕಳು ಕೇಳುವುದು ಸಹಜ. ವಿಗ್ರಹವಿಲ್ಲ, ಬಲಿಪೀಠವಿಲ್ಲ, ತೀರ್ಥಪ್ರಸಾದವೂ ಇಲ್ಲ. ಪಶ್ಚಿಮದ ಗೋಡೆಯಲ್ಲಿ ಕೆತ್ತನೆಯ ಕಪಾಟು, ಅದರೊಳಗೆ ತೋರಾ ಗ್ರಂಥದ ಸುರುಳಿಗಳು. ಪಶ್ಚಿಮವೇ ಏಕೆಂದರೆ ಕೊಚ್ಚಿಯಿಂದ ಜೆರುಸಲೇಮ್ ಇರುವುದು ಆ ದಿಕ್ಕಿಗೆ.

ಯೆಹೂದಿಗಳ ನಿಜವಾದ ದೇವಾಲಯ ಇದ್ದದ್ದು ಅಲ್ಲಿ. ನಮ್ಮಲ್ಲಿ ಊರಿಗೊಂದು, ಕೇರಿಗೊಂದು ಗುಡಿ. ಅವರ ಶಾಸ್ತ್ರದಲ್ಲಿ ದೇವಾಲಯ ಜಗತ್ತಿಗೇ ಒಂದು. ಬಲಿ ಅರ್ಪಣೆ ಅಲ್ಲಿ ಮಾತ್ರ, ಅದೂ ವಂಶಪಾರಂಪರ್ಯದ ಅರ್ಚಕರಿಂದ. ಸೊಲೊಮನ್ ಕಟ್ಟಿಸಿದನೆಂದು ಬೈಬಲ್ ಹೇಳುವ ಮಂದಿರವನ್ನು ಕ್ರಿ.ಪೂ. 586ರ ಸುಮಾರಿಗೆ ಬ್ಯಾಬಿಲೋನಿನವರು ಕೆಡವಿದರು. ಮತ್ತೆ ಕಟ್ಟಿದ್ದನ್ನು ಕ್ರಿ.ಶ. 70ರಲ್ಲಿ ರೋಮನ್ನರು ಸುಟ್ಟರು. ಇಂದು ಯಾತ್ರಿಕರು ಹಣೆಯೊತ್ತಿ ನಿಲ್ಲುವ ಪಶ್ಚಿಮ ಗೋಡೆ ಮಂದಿರದ ಗೋಡೆಯಲ್ಲ, ಅದು ನಿಂತಿದ್ದ ಜಗಲಿಯ ಆಧಾರಗೋಡೆ.

ಮಂದಿರ ಹೋಯಿತು, ಬಲಿ ನಿಂತಿತು. ಉಳಿದದ್ದು ಪ್ರಾರ್ಥನೆ ಮತ್ತು ಪಾಠ. ಅದಕ್ಕೆ ಸಿನಗಾಗ್ ಸಾಕು; ಗ್ರೀಕ್ ಮೂಲದ ಆ ಪದಕ್ಕೆ ‘ಕೂಟ’ ಎಂದೇ ಅರ್ಥ. ಎಲ್ಲಿ ಬೇಕಾದರೂ ಕಟ್ಟಬಹುದು, ಅರ್ಚಕ ಬೇಕಿಲ್ಲ, ಬಲ್ಲವರು ಯಾರಾದರೂ ಪ್ರಾರ್ಥನೆ ನಡೆಸಬಹುದು. ಆದರೂ ಹಳೆಯ ನೆನಪು ಹೋಗಿಲ್ಲ. ಕೊಚ್ಚಿಯ ಯೆಹೂದಿಗಳು ಆ ಕಪಾಟನ್ನು ಕರೆಯುವುದು ‘ಹೇಖಾಲ್’ ಎಂದು. ಜೆರುಸಲೇಮಿನ ಮಂದಿರಕ್ಕಿದ್ದ ಹೆಸರೂ ಅದೇ.

ಅಮೆರಿಕದಲ್ಲಿರುವ ಬಂಧುಗಳು ‘ಇಲ್ಲಿ ಯೆಹೂದಿ ಟೆಂಪಲ್ ಇದೆ’ ಎಂದು ಬರೆದರೆ ಗಲಿಬಿಲಿ ಬೇಡ. ಜೆರುಸಲೇಮಿನ ಬಲಿಪೂಜೆ ಮರಳಬೇಕೆಂಬ ಆಸೆಯನ್ನು ಕೈಬಿಟ್ಟ ಸುಧಾರಣಾವಾದಿಗಳು ತಮ್ಮ ಊರಿನ ಪ್ರಾರ್ಥನಾಲಯವನ್ನೇ ಟೆಂಪಲ್ ಎಂದರು. 1818ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ತೆರೆದದ್ದು ಇಂಥದ್ದೇ. ಸಂಪ್ರದಾಯಸ್ಥರು ಇಂದಿಗೂ ಆ ಪದ ಬಳಸಲು ಒಪ್ಪುವುದಿಲ್ಲ.

ಸಿನಗಾಗಿಗೆ ಒಂದು ಷರತ್ತು ಮಾತ್ರ ಕಟ್ಟುನಿಟ್ಟು. ಸಂಪ್ರದಾಯದಂತೆ ಪೂರ್ಣ ಸಾಮೂಹಿಕ ಪ್ರಾರ್ಥನೆಗೆ ಹದಿಮೂರು ತುಂಬಿದ ಹತ್ತು ಮಂದಿ ಗಂಡಸರು ಬೇಕು. ಕಲ್ಲು-ಗಾರೆ ಎಷ್ಟು ಗಟ್ಟಿಯಿದ್ದರೂ ತಲೆ ಎಣಿಕೆ ತಪ್ಪಿದರೆ ಆಗದು. ಮಟ್ಟಂಚೇರಿಯ ಕಷ್ಟ ಇದೇ. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಕೊಚ್ಚಿಯ ಯೆಹೂದಿಗಳಲ್ಲಿ ಹೆಚ್ಚಿನವರು ಹಡಗು, ವಿಮಾನ ಹತ್ತಿದರು. ಬೀದಿಯ ಮನೆಗಳು ಒಂದೊಂದಾಗಿ ಅಂಗಡಿಗಳಾದವು. ಪರದೇಸಿ ಸಮುದಾಯದಲ್ಲೇ ಹತ್ತು ಗಂಡಸರು ಸಿಗುವ ಕಾಲ ಮುಗಿದು ವರ್ಷಗಳಾದವು. ಹೊರಗಿನಿಂದ ಬಂದ ಯೆಹೂದಿ ಯಾತ್ರಿಕರು ಸೇರಿ ಸಂಖ್ಯೆ ತುಂಬಿದ ದಿನ ಪ್ರಾರ್ಥನೆ. ಉಳಿದ ದಿನ ಟಿಕೆಟ್ ಪಡೆದು ನೀಲಿ ಬಿಲ್ಲೆಗಳನ್ನು ನೋಡುವವರ ಸಾಲು.